ಯಾರದ್ದೂ ಅಲ್ಲದ ಕುರಿಗಳ ವಿಷಯವಾಗಿ ಆಮೆಯವರಿಗೆ

ಮಾನ್ಯ ಪುರಾಧ್ಯಕ್ಷರೇ,

…ಯಾರದ್ದೂ ಅಲ್ಲದ ಕುರಿ ಇರುವುದಿಲ್ಲ ಎಂದರೋ, ಇರಬಾರದು ಎಂದರೋ, ದುರುಗಕ್ಕ ಆ ಮಧ್ಯಾಹ್ನ ಅಂದದ್ದು ಇವೆರಡರಲ್ಲಿ ಯಾವುದೆಂದು ನನಗೀಗ ಸರಿಯಾಗಿ ನೆನಪಿಲ್ಲ. ಮೊದಲನೆಯದಾದರೆ ಅದು ಲೋಕದ ಬಗ್ಗೆ ಒಂದು ಮಾಹಿತಿ, ಎರಡನೆಯದಾದರೆ ಲೋಕದ ಮೇಲೆ ಒಂದು ಆಕ್ಷೇಪ, ತಾವು ಆಳುತ್ತಿರುವ ಲೋಕದ ಮಟ್ಟಿಗೆ ಎರಡೂ ಅನ್ವಯಿಸುವುದರಿಂದ ಪತ್ರವನ್ನು ಹೀಗೆ ನಡುವಿನಿಂದಲೇ ಶುರು ಮಾಡಿದ್ದಕ್ಕೆ ಕ್ಷಮೆ ಇರಲಿ. ತಮಗೂ, ತಮ್ಮ ಚಿಪ್ಪಿನ ಮೇಲೆ ವರ್ಷವಿಡೀ ಅರಳಿಕೊಂಡಿರುವ ಮೂರು ಸೇವಂತಿಗೆ ಗಿಡಗಳಿಗೂ, ಸೇತುವೆಯ ಮೇಲೆ ನಿಂತಿರುವ ನರಿ ಸೋರಾ ಅವರಿಗೂ, ರೊಟ್ಟಿ ಸುಡುವ ಕರಡಿ ಬಂಬಾ ಅವರಿಗೂ ಜಗಳೂರಿನಿಂದ ನಮಸ್ಕಾರಗಳು.

ಒಂದು ಆಮೆಗೆ, ಅದೂ ಬಣ್ಣದಲ್ಲಿ ಬರೆದ ಆಮೆಗೆ, ಬಹಿರಂಗ ಪತ್ರವೇಕೆ ಎಂದು ಯಾರಾದರೂ ಕೇಳಬಹುದು. 'ತುಪ್ಪಳ ದ್ವೀಪ' ಎಂಬ ಈ ಕಾರ್ಟೂನ್ ಆಟವನ್ನು ಮಾಡಿ ಲಕ್ಷಾಂತರ ಜನರ ಫೋನಿಗೆ ಬಿಟ್ಟಿರುವ ಕಂಪನಿಯವರು ತಮ್ಮ ಹೆಸರನ್ನಾಗಲಿ ವಿಳಾಸವನ್ನಾಗಲಿ ಎಲ್ಲೂ ತಿಳಿಸದೆ, ಎಚ್ಚರಿಕೆ, ದಂಡನೆ, ಸಾಂತ್ವನ, ಹಬ್ಬದ ಶುಭಾಶಯ ಎಲ್ಲವನ್ನೂ ಪುರಾಧ್ಯಕ್ಷ ಆಮೆಯ ಸಹಿಯಲ್ಲೇ ಕಳಿಸುವ ಪದ್ಧತಿ ಇಟ್ಟುಕೊಂಡಿರುವುದರಿಂದ, ಸಹಿ ಹಾಕಿದವರನ್ನೇ ಕೇಳುವುದು ನ್ಯಾಯ ಎಂದು ನನ್ನ ನೌಕರಿ ನನಗೆ ಕಲಿಸಿದೆ. ನನ್ನ ಹೆಸರು ರುದ್ರಮುನಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಗ್ರಂಥಾಲಯಗಳಲ್ಲಿ ಇಪ್ಪತ್ತಾರು ವರ್ಷ ಪುಸ್ತಕಗಳಿಗೆ ಮೊಹರು ಒತ್ತಿ ಈಗ ಜಗಳೂರಿನಲ್ಲಿ ಅದೇ ಕೆಲಸ ಮಾಡಿಕೊಂಡಿದ್ದೇನೆ. ಊರಿಂದೂರಿಗೆ ಪುಸ್ತಕಗಳು ಅಷ್ಟೇನೂ ಬದಲಾಗಲಿಲ್ಲ, ಫ್ಯಾನಿನ ಸದ್ದು ಮಾತ್ರ ಬದಲಾಯಿತು.

ತಮ್ಮ ದ್ವೀಪಕ್ಕೆ ನಾನು ಬಂದದ್ದು ಆಟವಾಡಲು ಅಲ್ಲ, ಓದಿ ಹೇಳಲು. ನಮ್ಮ ಗ್ರಂಥಾಲಯದ ಸಹಾಯಕಿ ಮಮತಾ ಬಿಳಿಚೋಡಿನಿಂದ ದಿನವೂ ಬಸ್ಸಿನಲ್ಲಿ ಬರುವವರು. ದುರುಗಕ್ಕ ಅವರ ದೊಡ್ಡಮ್ಮ. ವಯಸ್ಸು ಅರವತ್ತೆಂಟು, ಅದರಲ್ಲಿ ಐವತ್ತೈದು ವರ್ಷ ಕುರಿಗಳ ಹಿಂದೆ ನಡೆದದ್ದು. ಮೊಣಕಾಲು ಸವೆದಿದೆ, ಇನ್ನು ಮಂದೆಯ ಹಿಂದೆ ಹೋಗುವಂತಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಕುರಿಗಳನ್ನೆಲ್ಲ ಒಡಹುಟ್ಟಿದ ತಮ್ಮ ಗೋಣೆಪ್ಪನಿಗೆ ಒಪ್ಪಿಸಿ, ವಾರಕ್ಕೆ ಮೂರು ದಿನ ಕಾಲಿಗೆ ಶಾಖ ಕೊಡಿಸಿಕೊಳ್ಳಲು ಮಮತಾ ಜೊತೆ ಬಂದು, ಸಂಜೆಯ ಬಸ್ಸಿನವರೆಗೆ ನಮ್ಮ ಪತ್ರಿಕೆಗಳ ಮೇಜಿನ ಪಕ್ಕ ಕೂರುತ್ತಾರೆ. ಓದು ಬಾರದು; ಸುಮ್ಮನೆ ಕೂರುವುದಂತೂ ಮೊದಲೇ ಬಾರದು. ಎದ್ದು ಎತ್ತಲಾದರೂ ನಡೆದುಬಿಟ್ಟಾರೆಂಬ ಭಯಕ್ಕೆ ಮಮತಾ ತಮ್ಮ ಹಳೆಯ ಫೋನಿನಲ್ಲಿ ಈ ಆಟ ಹಾಕಿಕೊಟ್ಟರು. ಇದನ್ನೇ ಏಕೆ ಆರಿಸಿದಿರೆಂದು ಕೇಳಿದ್ದಕ್ಕೆ, ಚಿತ್ರದಲ್ಲಿ ಕುರಿ ಇತ್ತು ಎಂದರು. ಪರದೆಯ ಮೇಲೆ ಮೂಡುವ ಅಕ್ಷರಗಳನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹಾಗೆ ಓದುತ್ತ ಓದುತ್ತ, ಒಪ್ಪಿಕೊಳ್ಳಲು ಸಂಕೋಚವಾದರೂ ಹೇಳುತ್ತೇನೆ, ನಾನು ತಮ್ಮ ದ್ವೀಪದ ಅಭಿಮಾನಿಯಾದೆ.

ಮೊದಲು ಮೆಚ್ಚುಗೆಯನ್ನು ಸಲ್ಲಿಸಿಬಿಡುತ್ತೇನೆ. ದ್ವೀಪದ ಇತಿಹಾಸವೆಂದು ತಾವು ಪ್ರಕಟಿಸಿರುವ ಪುಟದಲ್ಲಿ, ನೂರು ವರ್ಷಗಳ ಹಿಂದೆ ದೊಡ್ಡ ಗಾಳಿಯೊಂದು ಬೀಸಿ ಮನುಷ್ಯರನ್ನೆಲ್ಲ ಹೊತ್ತೊಯ್ದಿತು, ಕುರಿಗಳು ಉಳಿದವು, ಅಂದಿನಿಂದ ಅವು ಯಾರದ್ದೂ ಅಲ್ಲ, ಆದ್ದರಿಂದ ಎಲ್ಲರದ್ದೂ, ಎಂದಿದೆ. ಒಂದೇ ಗಾಳಿಯಲ್ಲಿ ಪಾಲುಪಟ್ಟಿ, ಗಡಿಕಲ್ಲು, ಪಹಣಿ ತಿದ್ದುಪಡಿ, ದಾಯಾದಿ ಜಗಳ ಇವೆಲ್ಲವನ್ನೂ ತೀರಿಸಿಬಿಟ್ಟ ಈ ಮಿತವ್ಯಯವನ್ನು ನಾನು ಕೃತಿಶಿಲ್ಪವೆಂದೇ ತಿಳಿದಿದ್ದೆ. ದುರುಗಕ್ಕ ಮಾತ್ರ, ಬೆಳೆದ ಮನುಷ್ಯರನ್ನೇ ಎತ್ತಿಕೊಂಡು ಹೋದ ಗಾಳಿಗೆ ಕುರಿಮರಿ ಭಾರವಾಯಿತೇ ಎಂದು ಕೇಳಿದರು. ನಾನು ಪುಟವನ್ನು ಮೊದಲಿನಿಂದ ಮತ್ತೊಮ್ಮೆ ಓದಿದೆ. ಏಳು ಬಣ್ಣದ ಕುರಿಗಳ ಬಗ್ಗೆ ಅವರದೇನೂ ತಕರಾರಿಲ್ಲ, ಹುಟ್ಟಿನಿಂದ ಬಂದದ್ದಕ್ಕೆ ಅವು ಏನು ಮಾಡಿಯಾವು ಎಂದರು. ಆದರೆ ಬಿಸಿಲೇರಿದಾಗ ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ಒತ್ತೊತ್ತಾಗಿ ನಿಲ್ಲಬೇಕಾದ ಕುರಿಗಳು ಗುಡ್ಡದ ಮೇಲೆ ಹತ್ತು ಮಾರಿಗೊಂದರಂತೆ ಚದುರಿ ನಿಂತಿರುವುದು, ಎಷ್ಟು ಮೇಯ್ದರೂ ಒಂದು ಹಿಕ್ಕೆ ಬೀಳದಿರುವುದು, ಎರಡೂ ಅವರನ್ನು ನಿಜವಾಗಿ ಚಿಂತೆಗೆ ಹಚ್ಚಿದವು. ಮೊದಲ ವಾರವೆಲ್ಲ ಅವರು ಆಡುತ್ತಿರಲಿಲ್ಲ, ರೋಗ ಹುಡುಕುತ್ತಿದ್ದರು.

ಪಾತ್ರಗಳ ವಿಷಯಕ್ಕೆ ಬಂದರೆ, ಬಂಬಾ ಅವರು ದಿನವೂ ಮೂವತ್ತು ರೊಟ್ಟಿ ಸುಡುತ್ತಾರೆ, ದ್ವೀಪದಲ್ಲೆಲ್ಲೂ ಒಂದು ತೆನೆ ಇಲ್ಲ ಎಂದು ಆಕ್ಷೇಪಿಸಬೇಕೆಂದಿದ್ದೆ. ನಮ್ಮ ಬಸ್ ನಿಲ್ದಾಣದ ಬೇಕರಿಯವರಿಗೂ ಹೊಲವಿಲ್ಲವೆಂಬುದು ನೆನಪಾಗಿ ಅದನ್ನು ಹಿಂದಕ್ಕೆ ಪಡೆದಿದ್ದೇನೆ. ನಮ್ಮ ಕಡೆ ಊರಿನ ಅಧ್ಯಕ್ಷಗಿರಿ ಒಪ್ಪಂದದ ಪ್ರಕಾರ ಹದಿನೈದು ತಿಂಗಳಿಗೊಮ್ಮೆ ಕೈ ಬದಲಾಗುವಾಗ ತಾವು ಮುನ್ನೂರು ವರ್ಷಗಳಿಂದ ಅವಿರೋಧವಾಗಿ ಮುಂದುವರಿದಿರುವುದನ್ನು ಆಕ್ಷೇಪಿಸುವ ಧೈರ್ಯ ನನಗಿಲ್ಲ. ನನ್ನನ್ನು ಕಾಡಿದವರು ಸೋರಾ. ಮನುಷ್ಯರನ್ನೆಲ್ಲ ಗಾಳಿ ಒಯ್ದ ದ್ವೀಪದಲ್ಲಿ, ಸೇತುವೆಯ ಮೇಲೆ ನಿಂತು, ಬಂದವರಿಗೆಲ್ಲ 'ಇವತ್ತು ಗಾಳಿ ಚೆನ್ನಾಗಿದೆ, ಅಲ್ಲವೇ?' ಎಂಬ ಒಂದೇ ವಾಕ್ಯ ಹೇಳುವ ಈ ನರಿ ಕಂಪನಿಯ ಸೋಮಾರಿತನವೋ ಅಥವಾ ಯಾರನ್ನೋ ಕಳೆದುಕೊಂಡವರ ವ್ಯಂಗ್ಯವೋ ಎಂದು ನಾನು ಬಹಳ ದಿನ ಯೋಚಿಸಿದೆ. 'ಸಹಿ ಮಾಡಿ, ಚೀಲ ಹೊರಗಿಡಿ' ಎಂದು ಇಪ್ಪತ್ತಾರು ವರ್ಷ ಗ್ರಂಥಾಲಯದ ಬಾಗಿಲಲ್ಲಿ ಇದೊಂದನ್ನೇ ಹೇಳಿಕೊಂಡು ಬಂದವನಿಗೆ ಈ ಪ್ರಶ್ನೆಯಲ್ಲಿ ತೀರ್ಪು ಕೊಡುವ ಹಕ್ಕಿಲ್ಲವೆಂದು ಕೊನೆಗೆ ಬಿಟ್ಟುಬಿಟ್ಟೆ.

ದುರುಗಕ್ಕನ ವಿಧಾನ ಸರಳ. ಹೊಸಬರು ಯಾರು ಕಂಡರೂ ನಮ್ಮ ಕಡೆ ಕೇಳುವುದನ್ನೇ ಅವರು ಕೇಳುತ್ತಾರೆ: ಯಾವೂರು, ಯಾರ ಪೈಕಿ. ಸೋರಾ ಅವರನ್ನೂ ಕೇಳಿದರು. ನಾನು ಉತ್ತರವನ್ನು ಓದಿ ಹೇಳಿದೆ: ಗಾಳಿ ಚೆನ್ನಾಗಿದೆ. ದುರುಗಕ್ಕ, 'ಹೇಳಾಕೆ ಮನಸ್ಸಿಲ್ಲ ಅಂದ್ರೆ ಬ್ಯಾಡ ಬಿಡಪ್ಪ' ಎಂದು ಸೇತುವೆ ದಾಟಿದರು. ಆಗ ನನಗೆ ಹೊಳೆಯಿತು, ಮಾನ್ಯರೇ: ತಮ್ಮ ದ್ವೀಪದಲ್ಲಿ ಸಮುದ್ರವಿದೆ, ದೀಪಸ್ತಂಭವಿದೆ, ಹಾರುವ ಮೀನುಗಳಿವೆ, ಆದರೆ ಯಾರೂ ಯಾರನ್ನೂ ಮಾವ ಎನ್ನುವುದಿಲ್ಲ, ಅತ್ತೆ ಎನ್ನುವುದಿಲ್ಲ; ಯಾರೂ ಯಾರ ಪೈಕಿಯೂ ಅಲ್ಲ. ಲೋಕವನ್ನು ಕಟ್ಟುವವರು ಬೆಟ್ಟದಿಂದ ಶುರು ಮಾಡುವುದೇ ತಪ್ಪೇನೋ.

ಇನ್ನು ಅಪರಾಧದ ವಿಷಯ. ಕುರಿಗಳು ಯಾರವು ಎಂದು ದುರುಗಕ್ಕ ಕೇಳಿದಾಗ, ಯಾರದ್ದೂ ಅಲ್ಲವಂತೆ ಎಂದು ನಾನು ಇತಿಹಾಸದ ಪುಟ ತೋರಿಸಿದೆ. ಅವರು ನನ್ನನ್ನು ಕನಿಕರದಿಂದ ನೋಡಿ, 'ಯಾರದ್ದೂ ಅಲ್ಲದ್ದು ಅಂದ್ರೆ ಕಲ್ಲು, ಸಾಮೇರೆ' ಎಂದರು. ಈ ಪತ್ರದ ಮೊದಲ ವಾಕ್ಯದ ಮಾತು ಅದರ ಬೆನ್ನಿಗೇ ಬಂತು. ಅವರ ಮನೆತನದಲ್ಲಿ ಒಂದು ಕಟ್ಟಳೆಯಿದೆ. ಬೇರೆಯವರ ಕುರಿ ತಪ್ಪಿಸಿಕೊಂಡು ಬಂದು ತಮ್ಮ ಮಂದೆಗೆ ಸೇರಿದರೆ ಅದನ್ನು ಅಟ್ಟಬಾರದು, ಮಾರಬಾರದು. ರೊಪ್ಪದೊಳಗೆ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿಯೊಳಗೆ, ತಮ್ಮವುಗಳ ಜೊತೆಯೇ ಕೂಡಿಕೊಂಡು, ಸುತ್ತಲ ಊರುಗಳಿಗೆ ಹೇಳಿಕಳಿಸಬೇಕು. ಹುಡುಕಿಕೊಂಡು ಬಂದವನು ಕುರಿಯನ್ನು ನೋಡುವ ಮೊದಲೇ ಅದರ ಕಿವಿಯ ಗುರುತು ಹೇಳಬೇಕು, ಬಲಗಿವಿಯೋ ಎಡಗಿವಿಯೋ, ತುದಿ ಕೊಯ್ದದ್ದೋ ಕಚ್ಚು ಹಾಕಿದ್ದೋ ಎಂದು. ಹೇಳಿದರೆ ಹೊಡೆದುಕೊಂಡು ಹೋಗಬಹುದು. ಆದ್ದರಿಂದ ದ್ವೀಪದ ಮೇಲೆ ಚದುರಿ ನಿಂತಿದ್ದ ಅಷ್ಟೂ ಕುರಿಗಳನ್ನು ಅವರು ತಪ್ಪಿಸಿಕೊಂಡ ಕುರಿಗಳೆಂದೇ ತೀರ್ಮಾನಿಸಿದರು. ಹೂದೋಟಕ್ಕೆಂದು ತಾವು ಉಚಿತವಾಗಿ ಕೊಡುವ ಬಿಳಿ ಬೇಲಿಗಳನ್ನು ಕೂಡಿಸಿ, ದೀಪಸ್ತಂಭದ ಹಿಂದೆ, ಗಾಳಿ ಹೊಡೆಯದ ಕಡೆ, ಒಂದು ರೊಪ್ಪ ಕಟ್ಟಿದರು. ಹತ್ತೊಂಬತ್ತು ದಿನ, ಒಂದೊಂದಾಗಿ ಬೆರಳಿನಿಂದ ನೂಕುತ್ತ, ಎಲ್ಲವನ್ನೂ ಒಳಗೆ ಸೇರಿಸಿದರು. ಶಾಖ ಕೊಡುವ ಹುಡುಗಿ ಚೈತ್ರಶ್ರೀ, ಮೊಣಕಾಲು ಸುಧಾರಿಸುತ್ತಿದೆ ಅಜ್ಜಿ, ಹೆಬ್ಬೆರಳು ಯಾಕೆ ಊದಿದೆ ಎಂದು ಕೇಳಿದಳಂತೆ. ಗೋಣೆಪ್ಪ ಒಂದು ದಿನ ಸಂತೆಗೆಂದು ಬಂದವರು ಅಕ್ಕನ ಹೆಗಲ ಮೇಲಿಂದ ಬಗ್ಗಿ ನೋಡಿ, 'ಮಳಿಗಾಲದಾಗೆ ಇವಕ್ಕೆ ಕಾಲುಬ್ಯಾನೆ ಬರಾಕಿಲ್ವೇನಕ್ಕ? ಹಂಗಾರೆ ನಮ್ಮವನ್ನೂ ಅದರೊಳಗೇ ಹೊಡ್ಕಂಬಿಡು' ಎಂದು ನಕ್ಕು ಹೋದರು. ಅಕ್ಕ ನಗಲಿಲ್ಲ, ಹೋದ ಮೇಲೆ, ಅವನು ಕುರಿಗೆ ಸರಿಯಾಗಿ ನೀರು ತೋರಿಸುತ್ತಾನೋ ಇಲ್ಲವೋ ಎಂದರು. ಯಾವ ಕುರಿಗೆ ಎಂದು ನಾನು ಕೇಳಲಿಲ್ಲ.

ಹೇಳಿಕಳಿಸುವ ಕೆಲಸ ನನ್ನದಾಯಿತು. ಎಲ್ಲ ಆಟಗಾರರಿಗೂ ಕಾಣುವ ಸಂದೇಶದ ಪಟ್ಟಿಯಲ್ಲಿ ಅವರು ಹೇಳಿದಂತೆ, 'ಕುರಿಗಳು ಸಿಕ್ಕಿವೆ, ಗುರುತು ಹೇಳಿ ಒಯ್ಯುವುದು' ಎಂದು ಬರೆದು, ಕೆಳಗೆ ಅವರ ಹೆಸರು, ಊರು, ವಯಸ್ಸು ಹಾಕಿದೆ. ಅಷ್ಟರಲ್ಲಿ ದ್ವೀಪವೆಲ್ಲ ಗದ್ದಲವೆದ್ದಿತ್ತು, ಏಕೆಂದರೆ ದ್ವೀಪವೂ ಕುರಿಗಳೂ ಎಲ್ಲ ಆಟಗಾರರಿಗೂ ಒಂದೇ; ದಿನಕ್ಕೆ ಮೂರು ಕುರಿಗಳ ಬೆನ್ನು ಸವರಬೇಕೆಂಬುದು ತಾವು ಪ್ರತಿ ಆಟಗಾರನಿಗೂ ವಿಧಿಸಿರುವ ನಿತ್ಯಕರ್ಮ, ಸವರಲು ಕುರಿಯೇ ಇಲ್ಲ. ಮೊದಲು ಉತ್ತರ ಬರೆದವರು ಹೊನ್ನಾಳಿಯ ಬಸ್ ನಿಲ್ದಾಣದೆದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ವಿನಯ್ ಕುಮಾರ್. ದ್ವೀಪದ ಪಾತ್ರಗಳ ಪೂರ್ವಾಪರದ ಮೇಲೆ ಪುಟಗಟ್ಟಲೆ ಬರೆಯುವ, ಅಭಿಮಾನಿಗಳಲ್ಲೇ ಹಿರಿಯ ವಿದ್ವಾಂಸರು. ಅವರು, 'ಅಜ್ಜಿ, ಕುರಿ ಬಿಡ್ರಿ, ನಂದು ಇವತ್ತಿನ ಟಾಸ್ಕ್ ಉಳಕಂಡೈತೆ' ಎಂದು ವಿನಂತಿಸಿದರು. ದುರುಗಕ್ಕ ಬರೆಸಿದ ಉತ್ತರ, 'ಕಿವಿ ಗುರುತು ಹೇಳು, ಹೊಡ್ಕಂಡು ಹೋಗು.' ಕಾರ್ಟೂನ್ ಕುರಿಗೆಲ್ಲಿಯ ಗುರುತು ಎಂದು ಅವರು ಸಿಟ್ಟಾಗಿ ತಮಗೆ ದೂರು ಕೊಟ್ಟರು.

ತಮ್ಮ ಆಡಳಿತದ ವೇಗವನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮಲ್ಲಿ ಒಂದು ಕುರ್ಚಿಯ ಕಾಲು ರಿಪೇರಿಗೆ ಎರಡು ಮಳೆಗಾಲ ಹಿಡಿಯುವಾಗ, ದೂರು ಹೋದ ಅರ್ಧ ಗಂಟೆಯೊಳಗೆ ದುರುಗಕ್ಕನ ಖಾತೆಗೆ ಬೀಗ ಬಿತ್ತು. ತಾವು ನಗುತ್ತ, ಸೇವಂತಿಗೆಗಳನ್ನು ಅಲ್ಲಾಡಿಸುತ್ತ, ಪರದೆಯ ಮೇಲೆ ಬಂದು, 'ಸಾರ್ವಜನಿಕ ಸಂಪತ್ತಾದ ನಲವತ್ತೊಂದು ಕುರಿಗಳನ್ನು ಅಕ್ರಮವಾಗಿ ಕೂಡಿಟ್ಟಿದ್ದೀರಿ' ಎಂದು ತಿಳಿಸಿದಿರಿ. ನಾನು ಓದಿ ಹೇಳಿದೆ. ಕಳ್ಳತನದ ಮಾತಿಗೆ ಅವರು ಬೇಸರಪಡಬಹುದೆಂದು ಅಂಜಿದ್ದೆ. ಅವರ ಕಿವಿಗೆ ಬಿದ್ದದ್ದು ಬೇರೆಯೇ. 'ಎಣಿಸಿ ಬರೆದಾರಾ?' ಎಂದು ಕೇಳಿದರು. ಹೌದೆಂದೆ. 'ಎಣಿಸಿದ ಮಂದೆ ನಿಲ್ಲಾಕಿಲ್ಲ' ಎಂದು ಫೋನನ್ನು ಸೆರಗಿನಿಂದ ಮುಚ್ಚಿದರು. ಅವರ ರೊಪ್ಪದಲ್ಲಿ ಕುರಿಗಳನ್ನು ಸಂಖ್ಯೆ ಹೇಳಿ ಎಣಿಸುವುದಿಲ್ಲ. ಸಂಜೆ ಒಂದೊಂದರ ಹೆಸರು ಹಿಡಿದು ಕೂಗುತ್ತಾರೆ, ಯಾವ ಹೆಸರಿಗೆ ತಲೆ ಎತ್ತಲಿಲ್ಲವೋ ಅದು ಬಂದಿಲ್ಲವೆಂದು ಲೆಕ್ಕ. ತಮ್ಮ ದ್ವೀಪದ ಕುರಿಗಳಿಗೂ ಅವರು ಆಗಲೇ ಹೆಸರಿಟ್ಟಿದ್ದರು. ಅವು ತಲೆ ಎತ್ತುತ್ತಿದ್ದವೇ ಎಂದು ತಾವು ಕೇಳಬಹುದು. ಎತ್ತುತ್ತಿದ್ದವು, ಮಾನ್ಯರೇ, ಎಲ್ಲರಿಗೂ ಹನ್ನೆರಡು ಸೆಕೆಂಡಿಗೊಮ್ಮೆ ಎತ್ತುವಂತೆ ತಾವೇ ಮಾಡಿದ್ದೀರಿ. ಆ ಹನ್ನೆರಡು ಸೆಕೆಂಡನ್ನು ದುರುಗಕ್ಕ ಸರಿಯಾಗಿ ಕಾಯುತ್ತಿದ್ದರು.

ಮೇಲ್ಮನವಿ ಸಲ್ಲಿಸಲು ತಾವು ಕೊಟ್ಟಿರುವ ನಮೂನೆಯಲ್ಲಿ ಐದು ಕಾರಣಗಳಿವೆ: ಪಾಸ್‌ವರ್ಡ್ ಮರೆತಿದ್ದೇನೆ, ನನ್ನ ಖಾತೆಯನ್ನು ಬೇರೆಯವರು ಬಳಸಿದರು, ಚಿಕ್ಕ ಮಗು ಒತ್ತಿತು, ತಪ್ಪಾಯಿತು, ಇನ್ನು ಮುಂದೆ ಮಾಡುವುದಿಲ್ಲ. 'ಯಜಮಾನ ಬರುವವರೆಗೆ ಕಾಯುತ್ತಿದ್ದೇನೆ' ಎಂಬುದಕ್ಕೆ ಚೌಕವಿಲ್ಲ. ಐದರಲ್ಲಿ ಯಾವುದನ್ನು ಒತ್ತಲಿ ಎಂದು ಕೇಳಿದರೆ ದುರುಗಕ್ಕ, ಸುಳ್ಳು ಯಾಕೆ ಒತ್ತುತ್ತೀರಿ ಎಂದರು. ಹಾಗಾಗಿ ನಮೂನೆಯನ್ನು ಬಿಟ್ಟು ನಾನೇ ವಿವರವಾದ ಪತ್ರ ಬರೆದೆ. ಇಲ್ಲಿಂದ ಮುಂದೆ ನಡೆದದ್ದಕ್ಕೆ ಹೊಣೆ ತಾವಲ್ಲ, ನಾನು.

ನಲವತ್ತೊಂದರಲ್ಲಿ ಒಂದು ಕುರಿಗೆ ಗುರುತಿತ್ತು. ಬಡಗಣ ದಂಡೆಯ ಬಂಡೆಗಳ ನಡುವೆ ಕೊನೆಯದಾಗಿ ಸಿಕ್ಕ ಬೂದುಬಣ್ಣದ ಕುರಿ. ಎಡಗಿವಿಯ ಅಂಚಿನಲ್ಲಿ ಸಣ್ಣ ಕಚ್ಚು. ನನಗೆ ಕಂಡೇ ಇರಲಿಲ್ಲ. ಬೀಗ ಬೀಳುವ ಮೊದಲೇ ದುರುಗಕ್ಕ ಫೋನನ್ನು ಕಣ್ಣಿಗೆ ಹಿಡಿದು ನೋಡಿ, ಇದು ಹರಿದದ್ದಲ್ಲ, ಕತ್ತರಿಯಿಂದ ಹಾಕಿದ್ದು, ಹಾಕಿದವರಿಗೆ ಕೈ ಪಳಗಿದೆ ಎಂದರು. ಕಳ್ಳರು ಪುಸ್ತಕದ ಮೊದಲ ಪುಟ ಹರಿದೊಗೆಯುತ್ತಾರೆಂದು ನಾವು ಗ್ರಂಥಾಲಯದವರು ಒಳಗಿನ ಒಂದು ಗುಟ್ಟಿನ ಪುಟದಲ್ಲೂ ಮೊಹರು ಒತ್ತಿರುತ್ತೇವೆ. ಆ ಪುಟ ಯಾವುದೆಂದು ತಿಳಿದವನು ಪುಸ್ತಕ ತನ್ನದೆನ್ನಬಹುದು. ಅಂಥದೊಂದನ್ನು ತಮ್ಮ ದ್ವೀಪದಲ್ಲಿ ಕಂಡು ನನಗೆ ರೋಮಾಂಚನವಾಯಿತು. ಬೀಗ ಬಿದ್ದ ಮೇಲೆ ವಿನಯ್ ಕುಮಾರ್ ಅವರ ಅಂಗಡಿಗೆ ಫೋನ್ ಮಾಡಿ ಹೇಳಿದೆ. ಎಡಗಿವಿಯೇ, ಸರಿಯಾಗಿ ನೋಡಿದಿರಾ ಎಂದು ಅವರು ಎರಡು ಸಲ ಕೇಳಿದರು. ಆ ಬೂದು ಕುರಿಯ ವದಂತಿ ಹಿಡಿದು ಎರಡು ವರ್ಷ ದ್ವೀಪ ಅಲೆದಿದ್ದರಂತೆ. ಗಾಳಿಯಲ್ಲಿ ಹೋದವರು ತಿರುಗಿ ಬರುತ್ತಾರೆಂಬುದಕ್ಕೆ ಅದೊಂದೇ ಸಾಕ್ಷಿ ಎಂದು ನಲವತ್ತು ಪುಟ ಬರೆದೂ ಇದ್ದರಂತೆ. ಮರುದಿನವೇ ತಮ್ಮ ದೂರನ್ನು ಹಿಂತೆಗೆದುಕೊಳ್ಳುವುದಾಗಿ ಅರ್ಜಿ ಹಾಕಿದರು. ದೂರು ಹಿಂತೆಗೆಯಲು ನಮೂನೆ ಇಲ್ಲವೆಂದು ತಾವು ಹೃದಯದ ಚಿಹ್ನೆಯೊಂದಿಗೆ ತಿಳಿಸಿದಿರಿ.

ಕುರಿಗಳಿಗೆ ಯಜಮಾನರಿದ್ದಾರೆ, ಆದ್ದರಿಂದ ದುರುಗಕ್ಕ ಕೂಡಿಟ್ಟದ್ದು ಅಕ್ರಮವಲ್ಲ, ಕರ್ತವ್ಯ ಎಂಬ ನನ್ನ ವಾದಕ್ಕೆ ಆಧಾರವಾಗಿ, ಬೀಗಕ್ಕೆ ಮುಂಚೆ ತೆಗೆದಿಟ್ಟಿದ್ದ ಆ ಕಿವಿಯ ಚಿತ್ರವನ್ನು ನಾನು ಪತ್ರಕ್ಕೆ ಲಗತ್ತಿಸಿದೆ. ತಮ್ಮ ಉತ್ತರ ಬಂತು. 'ಒಂದು ಕುರಿಯ ಎಡಗಿವಿಯಲ್ಲಿರುವ ದೋಷವನ್ನು ಗಮನಕ್ಕೆ ತಂದಿದ್ದಕ್ಕೆ ಧನ್ಯವಾದಗಳು. ದೀಪಾವಳಿ ಪಾಡ್ಯದ ಹೊಸ ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಗುವುದು.' ಖಾತೆಯ ಬೀಗದ ಬಗ್ಗೆ ಒಂದಕ್ಷರವಿಲ್ಲ. ಬೀಗ ಬಿದ್ದ ಖಾತೆಗಳ ಬೇಲಿಗಳನ್ನು ಅಂದೇ ಕೀಳಲಾಗುವುದೆಂಬ ಸೂಚನೆ ಕೆಳಗಿತ್ತು. ನೂರು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ಗುರುತನ್ನು ಸಾಕ್ಷಿಯೆಂದು ತೋರಿಸಲು ಹೋಗಿ, ಅಳಿಸುವವರ ಕೈಗೆ ನಾನೇ ವಿಳಾಸ ಬರೆದು ಕೊಟ್ಟೆ.

ಇದನ್ನು ದುರುಗಕ್ಕನಿಗೆ ಹೇಳದೆ ಮೂರು ದಿನ ಇದ್ದೆ. ನಾಲ್ಕನೆಯ ದಿನ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಈ ಪತ್ರ ಇಷ್ಟು ಉದ್ದವಾಗುತ್ತಿರಲಿಲ್ಲ. ಮಮತಾ ಬ್ಯಾಗು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು, ಬಸ್ಸಿನ ಹೊತ್ತಾಗಿತ್ತು. ದುರುಗಕ್ಕ ಮೇಜಿಗೆ ಕೈಯೂರಿ ಎದ್ದು, 'ಕಿವಿ ಹೊಲಿದುಬಿಟ್ರೆ, ನಾಳೆ ಅವನು ಬಂದು ಹೆಂಗೆ ಹೇಳ್ತಾನೆ ಸಾಮೇರೆ, ಇದು ನಂದು ಅಂತ?' ಎಂದಷ್ಟೇ ಕೇಳಿ ಹೋದರು.

ಆದ್ದರಿಂದ, ಮಾನ್ಯರೇ, ತಮ್ಮ ಔದಾರ್ಯದ ಮೇಲೆ ಭಾರ ಹಾಕಿ ಕೆಲವು ವಿನಂತಿಗಳು. ಪಾಡ್ಯವೆಂದರೆ ನಮ್ಮ ಕಡೆ ರೊಪ್ಪ ಗುಡಿಸಿ ಕುರಿಗಳ ಹಣೆಗೆ ಕುಂಕುಮವಿಡುವ ದಿನ. ಅಂದೇ ಬೇಲಿ ಕೀಳುವುದು ಅನಿವಾರ್ಯವಾದರೆ ಪಂಚಾಂಗವನ್ನಾದರೂ ಒಂದು ದಿನ ಮುಂದೂಡುವುದು. ಮುನ್ನೂರು ವರ್ಷ ಅಧಿಕಾರದಲ್ಲಿರುವವರಿಗೆ ಇದು ಕಷ್ಟವಾಗಲಾರದು. ದ್ವೀಪದಲ್ಲಿ ತಪ್ಪಿಸಿಕೊಂಡ ಕುರಿಗಳ ಇಲಾಖೆಯೊಂದನ್ನು ತೆರೆದು ಅದಕ್ಕೆ ಬಿಳಿಚೋಡಿನ ದುರುಗಕ್ಕನವರನ್ನು ನೇಮಿಸುವುದು. ಸಂಬಳ ಬೇಡ, ಮೊಣಕಾಲಿನ ಕಾರಣ ಕುರ್ಚಿಯೊಂದು ಬೇಕು. ಕುರಿಗಳು ಹಿಕ್ಕೆ ಹಾಕುವಂತೆ ಮಾಡಿ ಬಂಬಾ ಅವರ ಹಿತ್ತಲಲ್ಲಿ ಒಂದಿಷ್ಟು ಗೋಧಿ ಬೆಳೆಯಿಸುವುದು. ಸೋರಾ ಅವರಿಗೆ ಎರಡನೆಯ ವಾಕ್ಯ ಮಂಜೂರು ಮಾಡುವುದು, ಅದು ಯಾರದಾದರೂ ಹೆಸರಾಗಿದ್ದರೆ ಉತ್ತಮ. ಇವು ಯಾವುವೂ ಸಾಧ್ಯವಿಲ್ಲವೆಂದಾದರೆ ಎಲ್ಲವನ್ನೂ ಕೈಬಿಡಲು ನಾನು ಸಿದ್ಧ. ಬೀಗವೂ ಇರಲಿ, ಬೇಲಿಯನ್ನೂ ಕಿತ್ತುಕೊಳ್ಳಿ, ನಮ್ಮನ್ನು ಕಳ್ಳರೆಂದೇ ಬರೆದುಕೊಳ್ಳಿ. ಆ ಎಡಗಿವಿಯೊಂದನ್ನು ಮಾತ್ರ ಹಾಗೇ ಬಿಡಿ.

ತಾವು ಬೀಗ ಹಾಕದೆ ಬಿಟ್ಟಿರುವಷ್ಟು ದಿನ
ತಮ್ಮ ವಿಶ್ವಾಸಿ,
ರುದ್ರಮುನಿ
(ಜೊತೆಗೆ ಹೊನ್ನಾಳಿಯ ವಿನಯ್ ಕುಮಾರ್ ಅವರ ಸಹಿಯೂ, ದುರುಗಕ್ಕನವರ ಊದಿದ ಹೆಬ್ಬೆಟ್ಟಿನ ಗುರುತೂ ಇವೆ.)

ತಾ.ಕ.: ಈ ಪತ್ರ ತಲುಪಿದ ಎರಡು ಸೆಕೆಂಡಿನಲ್ಲಿ, ಇದನ್ನು ಓದಿ ತಮಗೆ ತುಂಬ ಸಂತೋಷವಾಯಿತೆಂಬ ಉತ್ತರ ಹೃದಯದ ಚಿಹ್ನೆಯೊಂದಿಗೆ ಬರುವುದೆಂದು ಬಲ್ಲೆ, ಆಮೆಯೊಂದು ಇಷ್ಟು ಚುರುಕಾಗಿರುವುದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಹಾಗಾಗಿ ಉಳಿದ ಸಾಲುಗಳನ್ನು ತಮಗೆ ಬರೆಯುತ್ತಿಲ್ಲ. ತಮ್ಮ ಬೆನ್ನ ಹಿಂದೆ, ಆ ಹೆಸರಿಲ್ಲದ ಕಂಪನಿಯ ಯಾವುದೋ ಮೇಜಿನಲ್ಲಿ ಕೂತು, ನಲವತ್ತು ಕುರಿಗಳನ್ನು ಹೇಳಿದಂತೆ ಬರೆದು, ನಲವತ್ತೊಂದನೆಯದಕ್ಕೆ ಮಾತ್ರ ಯಾರಿಗೂ ಹೇಳದೆ ಎಡಗಿವಿಗೆ ಕತ್ತರಿ ಹಾಕಿ, ಅದನ್ನು ಯಾರೂ ಹೋಗದ ಬಡಗಣ ಬಂಡೆಗಳ ನಡುವೆ ಬಿಟ್ಟುಹೋದವರೊಬ್ಬರು ಇದ್ದಾರೆ. ಈಗ ಅಲ್ಲಿದ್ದಾರೋ ಇಲ್ಲವೋ ತಿಳಿಯದು. ಅವರಿಗೆ ದುರುಗಕ್ಕ ಹೇಳಿಕಳಿಸಿದ್ದಾರೆ: ನಿಮ್ಮ ಕುರಿ ಸಿಕ್ಕಿದೆ, ಪಾಡ್ಯದವರೆಗೆ ಭದ್ರವಾಗಿರುತ್ತದೆ, ಗುರುತು ನೀವು ಹೇಳುವುದು ಬೇಡ, ಇದೊಂದನ್ನು ಹೇಳಿದರೆ ಸಾಕು. ನೀವು ಯಾವೂರಿನವರು, ಯಾರ ಪೈಕಿ?